ಅಕ್ಕ ಕಳಿಸದ ಪತ್ರಗಳ ವಾಪಸಾತಿಯ ಕುರಿತು

ಹಾಸಿಗೆ ಕಂಪನಿಯ ಇಮೇಲ್ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ, ಮಹಾಮಾನ್ಯರೇ, ಬಂದದ್ದನ್ನೆಲ್ಲ ಎರಡೂ ಕೈ ಚಾಚಿ ಬರಮಾಡಿಕೊಂಡು ಆಮೇಲೆ ಕಂಡವರ ಮನೆಗೆ ಸಾಗಹಾಕುವ ಉದಾರಿಗಳೇ,

ಮೊದಲಿಗೆ ಕ್ಷೇಮಸಮಾಚಾರ ವಿಚಾರಿಸುವುದು ಪತ್ರ ಬರೆಯುವವನ ಧರ್ಮ. ತಾವು ಕ್ಷೇಮವಾಗಿದ್ದೀರಿ, ತಮ್ಮ ಸರ್ವರ್ ತಮಗಿಂತಲೂ ಕ್ಷೇಮವಾಗಿದ್ದು ಒಂದು ಗಳಿಗೆಯೂ ಬಿಡುವಿಲ್ಲದೆ ದುಡಿಯುತ್ತಿದೆ ಎಂಬುದನ್ನು ನಾನು ಯಾರನ್ನೂ ಕೇಳಿ ತಿಳಿಯಬೇಕಾಗಿಲ್ಲ, ಏಕೆಂದರೆ ಅದು ದುಡಿದದ್ದೆಲ್ಲ ಬಂದು ಬೀಳುವುದು ನನ್ನ ಅಕ್ಕನ ಮೇಜಿಗೆ. ಊರಿಗೆಲ್ಲ ಮೆತ್ತನೆಯ ಹಾಸಿಗೆ ಹೊಲಿದು ನಿದ್ದೆ ಹಂಚುವ ಕಂಪನಿಯೊಂದು ಒಂದೇ ಒಂದು ಕುಟುಂಬದ ನಿದ್ದೆಗೆಡಿಸಲು ಇಷ್ಟು ಶ್ರದ್ಧೆ ವಹಿಸಿದ್ದನ್ನು ನಾನು ಹಿಂದೆಂದೂ ಕಂಡಿಲ್ಲ. ಈ ಮಾತುಗಳನ್ನು ತಮಗೆ ಖಾಸಗಿಯಾಗಿಯೇ ತಿಳಿಸಬೇಕೆಂದಿದ್ದೆ, ತಿಳಿಸಲು ಹೊರಟೂ ಇದ್ದೆ. ತಿಳಿಸಿದ್ದೆಲ್ಲ ತಮ್ಮ ಹೊಸ್ತಿಲಿನಿಂದಲೇ ಹಿಂದಿರುಗಿದ್ದರಿಂದ, ಕೈಲಾಗದವನು ಮೈ ಪರಚಿಕೊಂಡ ಎಂದು ತಾವು ನಕ್ಕರೂ ಸರಿಯೇ ಎಂದುಕೊಂಡು ಪತ್ರಿಕೆಯಲ್ಲಿ ಹತ್ತು ಜನರೆದುರು ಬಿನ್ನವಿಸಿಕೊಳ್ಳುತ್ತಿದ್ದೇನೆ.

ನಾವು ಯಾರೆಂದು ತಮಗೆ ಗೊತ್ತಿರಲಾರದು. ಟೈರು ಅಂಗಡಿಯೊಂದರ ಮೇಲಿನ ಮಹಡಿಗೆ, ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಇಕ್ಕಟ್ಟಿನ ಮೆಟ್ಟಿಲು ಹತ್ತಿ ಬಂದರೆ, ಎರಡು ಕೋಣೆಯ ನಮ್ಮ ಕಾರ್ಯಾಗಾರವಿದೆ. ಕಿವಿ ಕೇಳಿಸದವರ ಯಂತ್ರಗಳನ್ನು ರಿಪೇರಿ ಮಾಡುವುದು, ಒಬ್ಬೊಬ್ಬರ ಕಿವಿಯ ಅಚ್ಚು ತೆಗೆದು ಅದಕ್ಕೆ ಸರಿಯಾಗಿ ಕೂರುವ ಬಿರಡೆ ಮಾಡಿಕೊಡುವುದು ನಮ್ಮ ಕಸುಬು. ಹಿಂದಿನ ಕೋಣೆಯಲ್ಲಿ ಉಜ್ಜುವ ಚಕ್ರವೂ ಅದರ ಪುಡಿಯೂ ನಾನೂ ಇರುತ್ತೇವೆ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಕಂಪ್ಯೂಟರಿದೆ, ಅದರ ಮುಂದೆ ಅಕ್ಕ ಇರುತ್ತಾಳೆ. ಚಿಕ್ಕಂದಿನ ಜ್ವರವೊಂದರಲ್ಲಿ ಅಕ್ಕನ ಕಿವಿ ಹೋಯಿತು. ಯಂತ್ರ ಹಾಕಿಕೊಂಡರೆ ಅವಳಿಗೆ ಬಾಗಿಲು ಬಡಿದದ್ದು ತಿಳಿಯುತ್ತದೆಯೇ ಹೊರತು ಬಡಿದವರ ಮಾತು ತಿಳಿಯುವುದಿಲ್ಲ, ಅದನ್ನು ಅವಳು ತುಟಿ ನೋಡಿ ಓದಿಕೊಳ್ಳುತ್ತಾಳೆ. ನಮ್ಮ ಗಿರಾಕಿಗಳೂ ಫೋನೆತ್ತಿ ಹಲೋ ಎನ್ನುವ ಜನವಲ್ಲವಾದ್ದರಿಂದ, ಅಳತೆಗೆ ಯಾವಾಗ ಬರಬೇಕು, ಯಂತ್ರ ಸಿದ್ಧವಾಯಿತೇ, ಬಿರಡೆ ಚುಚ್ಚುತ್ತಿದೆಯಲ್ಲ ಏನು ಮಾಡಲಿ ಎಂಬುದೆಲ್ಲ ಇಮೇಲಿನಲ್ಲೇ ನಡೆಯುತ್ತದೆ, ಮತ್ತು ಅದಷ್ಟಕ್ಕೂ ಉತ್ತರ ಬರೆಯುವವಳು ಅಕ್ಕ.

ಬಂದ ಮಾತಿಗೆ ಅಂದೇ ಉತ್ತರ ಹೋಗಬೇಕು ಎಂಬುದು ನಮ್ಮಲ್ಲಿ ಮುರಿಯಬಾರದ ನಿಯಮ. ಇದು ವ್ಯಾಪಾರದ ಜಾಣತನವಲ್ಲ. ಮನೆಮಂದಿಯೆಲ್ಲ ನಗುತ್ತಿರುವಾಗ ಏನಾಯಿತೆಂದು ಕೇಳಿ, 'ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ' ಎನ್ನಿಸಿಕೊಂಡು, ಆ ಆಮೇಲೆ ಎಂಬುದು ಎಂದೂ ಬಾರದೆ ಬೆಳೆದವರು ನಮ್ಮ ಗಿರಾಕಿಗಳು. ಉತ್ತರ ಬಾರದಿದ್ದರೆ ಹೇಗಿರುತ್ತದೆಂದು ಅವರಿಗೆ ಗೊತ್ತು, ಅಕ್ಕನಿಗೆ ಅವರೆಲ್ಲರಿಗಿಂತ ಚೆನ್ನಾಗಿ ಗೊತ್ತು. ತಮ್ಮಂಥ ದೊಡ್ಡ ಕಂಪನಿಯವರಿಗೆ ಇಂಥ ಸಣ್ಣ ವಿಷಯಗಳು ತಿಳಿದಿರಬೇಕೆಂದು ನಾನೇನೂ ಹಟ ಹಿಡಿಯುವುದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ತಮ್ಮ ಕೃಪಾವೃಷ್ಟಿ ಆರಂಭವಾಯಿತು. ಬೋಳುತಲೆಯಲ್ಲಿ ಕೂದಲು ಬೆಳೆಸುವ ಎಣ್ಣೆ ಮಾರುವ ಯಾವನೋ ಪುಣ್ಯಾತ್ಮ ತನ್ನ ಜಾಹೀರಾತುಗಳ ಮೇಲೆ ಕಳಿಸಿದವರ ವಿಳಾಸವೆಂದು ಅಕ್ಕನ ವಿಳಾಸ ಹಾಕಿಬಿಟ್ಟಿದ್ದ. ಲಕೋಟೆಯ ಹಿಂದೆ ಪಕ್ಕದ ಮನೆಯವರ ಹೆಸರು ಬರೆದಷ್ಟೇ ಸುಲಭವಂತೆ ಅದು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಹಾಗೆ ಒರೆಸಿ, ಅವನು ಆ ಜಾಹೀರಾತುಗಳನ್ನು ರಾಶಿರಾಶಿಯಾಗಿ ತಮ್ಮ ಕಂಪನಿಗೆ ಕಳಿಸಿದ. ತಮ್ಮಲ್ಲಿ ಯಾರಿದ್ದಾರೆ ಯಾರಿಲ್ಲ ಎಂಬುದು ಅವನಿಗೇನು ಗೊತ್ತು? ಅಕ್ಷರಮಾಲೆ ಹಿಡಿದು ಬಾಯಿಗೆ ಬಂದ ಹೆಸರುಗಳನ್ನು ಕಟ್ಟಿದ, ಒಂದೊಂದು ಹೆಸರಿಗೂ ಒಂದೊಂದು ಜಾಹೀರಾತು ಎಸೆದ.

ಲೋಕದಲ್ಲಿ ಉಳಿದ ಕಂಪನಿಗಳಿಗೆ ವಿನಯ ಸಾಲದು. ಇಂಥ ಪತ್ರ ಬಂದಾಗ ಅವು ಬಾಗಿಲಲ್ಲೇ ಹೆಸರು ನೋಡಿ, ಆ ಹೆಸರಿನವರು ನಮ್ಮಲ್ಲಿಲ್ಲ ಎಂದು ತಂದವನ ಮುಖಕ್ಕೇ ಹೇಳಿ ಬಾಗಿಲು ಹಾಕಿಕೊಳ್ಳುತ್ತವೆ; ತಂದವನು ಕಳ್ಳನಾದರೆ ಕಳ್ಳನ ಪಾಡು ಕಳ್ಳನಿಗೆ. ತಮ್ಮದು ಹಾಗಲ್ಲ. ತಮ್ಮ ಬಾಗಿಲಿಗೆ ಬಂದ ಯಾವ ಪತ್ರವನ್ನೂ ನಿರಾಕರಿಸುವುದಿಲ್ಲ ಎಂಬ ಹೆಮ್ಮೆಯ ಮಾತನ್ನು ತಾವು ಪ್ರತಿ ವಾಪಸು ಪತ್ರದ ತಲೆಯ ಮೇಲೂ ಮುದ್ರಿಸಿದ್ದೀರಿ. ಬಂದದ್ದನ್ನೆಲ್ಲ ಒಳಗೆ ತೆಗೆದುಕೊಳ್ಳುತ್ತೀರಿ, ತಂದವನಿಗೆ ಬಂತಪ್ಪಾ ಎಂದು ರಸೀತಿ ಕೊಟ್ಟು ಕಳಿಸುತ್ತೀರಿ, ಅವನು ಬೀದಿ ದಾಟಿ ಮರೆಯಾದ ಮೇಲೆ ನಿಧಾನವಾಗಿ ಹುಡುಕಿ, ಅಯ್ಯೋ ಇಂಥವರು ನಮ್ಮಲ್ಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡು, ಲಕೋಟೆಯ ಹಿಂದಿನ ವಿಳಾಸ ನೋಡಿ ನೇರ ಅಕ್ಕನ ಮನೆಗೆ ಬರುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ನಮ್ಮ ಹಿರಿಯರು ತಮಾಷೆಗೆ ಹೇಳಿದ್ದರು. ತಾವು ಅದಕ್ಕೊಂದು ಸರ್ವರ್ ಹಾಕಿ, ಕರೆಂಟು ಕೊಟ್ಟು, ವಿಭಾಗ ತೆರೆದು, ತಾವೇ ಮುಖ್ಯಸ್ಥರಾಗಿ ಕೂತಿದ್ದೀರಿ.

ಆ ವಾಪಸು ಪತ್ರದ ಸೊಬಗನ್ನು ಹೊಗಳದೆ ಮುಂದೆ ಹೋದರೆ ನಾಲಿಗೆಗೆ ಹುಳ ಬೀಳುತ್ತದೆ. ಮೇಲೆ ಮಗುವೊಂದು ಹಾಸಿಗೆಯಲ್ಲಿ ಬಾಯಿ ತೆರೆದು ಮಲಗಿದ ಚಿತ್ರ. ಅದರ ಕೆಳಗೆ ತಮ್ಮ ಹೆಮ್ಮೆಯ ಮಾತು. ಆಮೇಲೆ ಮೂರು ಪರಿಚ್ಛೇದದ ವಿಷಾದ. ಅದರ ಕೆಳಗೆ ಎಣ್ಣೆಯ ಜಾಹೀರಾತು, ಪೂರ್ತಿಯಾಗಿ, ಎಣ್ಣೆ ಹಚ್ಚುವ ಮೊದಲಿನ ಬೋಳುತಲೆ, ಹಚ್ಚಿದ ಮೇಲಿನ ತಲೆ ಎರಡರ ಚಿತ್ರಗಳ ಸಮೇತ. ಬಂದದ್ದಕ್ಕಿಂತ ವಾಪಸು ಹೋಗುವುದೇ ದಪ್ಪ, ಮೂಗಿಗಿಂತ ಮೂಗುತಿ ಭಾರ. ವಿಷಾದದ ಭಾಷೆಯಂತೂ ಕಲ್ಲನ್ನೂ ಕರಗಿಸುವಂಥದ್ದು. 'ತಮ್ಮ ಪತ್ರವನ್ನು ಕೈಯಲ್ಲಿ ಹಿಡಿದು ಎಲ್ಲ ಮಹಡಿಗಳಲ್ಲೂ ವಿಚಾರಿಸಿದೆ, ತಾವು ಹೇಳಿದ ಹೆಸರಿನವರು ಸಿಗಲಿಲ್ಲ, ತಮಗಾದ ನಿರಾಸೆಯಿಂದ ನನ್ನ ಮನಸ್ಸು ಭಾರವಾಗಿದೆ' ಎಂದು ಬರೆದು, ಕೊನೆಗೆ 'ಸದಾ ತಮ್ಮ ಸೇವೆಯಲ್ಲಿ, ಅಂಚೆ ಸಹಾಯಕಿ' ಎಂದು ಸಹಿ. ಅತಿ ವಿನಯ ಧೂರ್ತರ ಲಕ್ಷಣ ಎಂದು ಕಲಿಸಿದ ಮೇಷ್ಟ್ರು ಇದನ್ನು ಓದಿದ್ದರೆ ಪಾಠವನ್ನು ಇನ್ನೊಂದು ಸಲ ಕಲಿಸುತ್ತಿದ್ದರು.

ಇಲ್ಲಿ ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಎಂದು ತಾವು ದೂರಬಹುದು. ಅಕ್ಕ ಆ ಪತ್ರಗಳಿಗೆ ಉತ್ತರ ಬರೆದಳು. ಒಂದಕ್ಕಲ್ಲ, ಒಂದೊಂದಕ್ಕೂ. ನಿಯಮ ನಿಯಮವೇ, ಬಂದ ಮಾತಿಗೆ ಅಂದೇ ಉತ್ತರ. ಅಕ್ಕ ದಡ್ಡಿಯಲ್ಲ, ಯಂತ್ರ ಯಾವುದು ಮನುಷ್ಯರು ಯಾರು ಎಂದು ತಿಳಿಯದವಳೂ ಅಲ್ಲ. ಆದರೆ ಮನಸ್ಸು ಭಾರವಾಗಿದೆ ಎಂದು ಯಂತ್ರದ ಕೈಯಲ್ಲಿ ಬರೆಸುವಷ್ಟು ನಾಚಿಕೆಗೆಟ್ಟವರು ಇರಬಹುದೆಂದು ಅವಳಿಗೆ ಹೊಳೆಯಲಿಲ್ಲ. 'ಪಾಪ ಕಣೋ, ಯಾರೋ ಹೊಸ ಹುಡುಗಿ ಇರ್ಬೇಕು, ಅವಳ ಕೈಲಿ ಇಷ್ಟು ಮಹಡಿ ಹತ್ತಿಸ್ತಿದ್ದಾರೆ' ಎಂದು ನನ್ನ ಹತ್ತಿರ ಮರುಗಿದಳು. ಆ ಹುಡುಗಿಗೆ, ಈ ಪತ್ರಗಳನ್ನು ನಾನು ಕಳಿಸಿಲ್ಲಮ್ಮಾ, ಯಾರೋ ನನ್ನ ಹೆಸರು ಹಾಕಿಕೊಂಡಿದ್ದಾರೆ, ನೀನು ಹುಡುಕುವುದು ಬಿಡು, ನಿನ್ನ ಮೇಲಿನವರಿಗೆ ಹೇಳು, ಊಟ ಮಾಡಿ ಸ್ವಲ್ಪ ಹೊತ್ತು ಕೂತುಕೋ ಎಂದು ಬರೆದಳು. ತಮ್ಮ ಸರ್ವರ್ ಆ ಪತ್ರವನ್ನೂ ಎರಡೂ ಕೈ ಚಾಚಿ ಬರಮಾಡಿಕೊಂಡು, ಎಲ್ಲ ಮಹಡಿಗಳಲ್ಲೂ ವಿಚಾರಿಸಿ, ಅಂಚೆ ಸಹಾಯಕಿ ಎಂಬ ಹೆಸರಿನವರು ಸಿಗಲಿಲ್ಲವೆಂದು ಮನಸ್ಸು ಭಾರ ಮಾಡಿಕೊಂಡು, ಅಂಚೆ ಸಹಾಯಕಿಯ ಸಹಿಯೊಂದಿಗೇ ವಾಪಸು ಕಳಿಸಿತು. ಅದಕ್ಕೂ ಅಕ್ಕ ಉತ್ತರ ಬರೆದಳು. ನಾನು ಹಿಂದಿನ ಕೋಣೆಯಿಂದ ಬಂದು ನೋಡಿ ಅವಳ ಕೈ ಹಿಡಿದು ನಿಲ್ಲಿಸುವ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ಸಂತೈಸಿ ಸುಸ್ತಾಗಿದ್ದರು.

ಆಗ ತಮ್ಮ ಸರ್ವರಿಗೆ ದಿಢೀರನೆ ಜ್ಞಾನೋದಯವಾಯಿತು. ಎಣ್ಣೆಯವನು ರಾಶಿ ಹಾಕಿದಾಗ ಬಾರದ ಅನುಮಾನ ಅಕ್ಕನ ಕರುಣೆಯ ಪತ್ರಗಳನ್ನು ಕಂಡಾಗ ಬಂತು. ಅಕ್ಕನ ಪತ್ರ ಹೊರಡುವ ನಮ್ಮ ಸರ್ವರ್ ಪೀಡಕರದು ಎಂದು ಗುರುತು ಹಾಕಿ, ನಮಗೊಬ್ಬರಿಗೆ ಮಾತ್ರ ಬಾಗಿಲಲ್ಲೇ ಇಲ್ಲ ಎನ್ನುವುದನ್ನು ಕಲಿತಿತು. ಅಷ್ಟಕ್ಕೇ ನಿಲ್ಲದೆ, ಊರಿನ ಸರ್ವರ್‌ಗಳೆಲ್ಲ ನೋಡಿ ನಂಬುವ ಕಪ್ಪುಪಟ್ಟಿಯೊಂದಿದೆಯಂತಲ್ಲ, ಅದಕ್ಕೂ ಚಾಡಿ ಹೇಳಿತು. ಅಂದಿನಿಂದ ಅಕ್ಕ ಬರೆದದ್ದು ನಮ್ಮ ಗಿರಾಕಿಗಳಲ್ಲಿ ಬಹಳ ಜನಕ್ಕೆ ಮುಟ್ಟುತ್ತಿಲ್ಲ. ಅವರು ಮಾತ್ರ ಬರೆಯುತ್ತಾರೆ: ಯಾಕೆ ಉತ್ತರವಿಲ್ಲ, ನಿಮಗೂ ನಾವು ಬೇಡವಾದೆವೇ ಎಂದು. ಆ ಮಾತನ್ನು ಓದಿದ ದಿನ ಅಕ್ಕ ಮಧ್ಯಾಹ್ನ ಊಟ ಮಾಡಲಿಲ್ಲ. ತಮ್ಮ ಹಾಸಿಗೆಯ ಮೇಲೆ ಮಲಗಿದ ಮಗುವಿನ ಚಿತ್ರ ನೋಡಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ, ಮಗುವಿನ ತಪ್ಪೇನೂ ಇಲ್ಲವೆಂದು ಗೊತ್ತಿದ್ದರೂ.

ನಮ್ಮ ಚಿಕ್ಕಪ್ಪನವರನ್ನು ಇಲ್ಲಿ ಪರಿಚಯಿಸಬೇಕು. ಕಾರ್ಯಾಗಾರದಲ್ಲಿ ಅರ್ಧ ಪಾಲು ಅವರದು, ಮಾತಿನಲ್ಲಿ ಮುಕ್ಕಾಲು ಪಾಲು ಅವರದು. ಮುಂದಿನ ಕೋಣೆಯಲ್ಲಿ ಕಿವಿ ಕೇಳಿಸುವ ಯಾರನ್ನಾದರೂ ಕೂರಿಸಿ ಫೋನು ಇಡಬೇಕೆಂಬುದು ಅವರ ಹಳೆಯ ಆಸೆ. ಇಷ್ಟು ದಿನ ಅದಕ್ಕೊಂದು ನೆಪ ಬೇಕಿತ್ತು, ತಾವು ಒದಗಿಸಿದಿರಿ. 'ಈ ತಿಂಗಳ ಕೊನೇವರೆಗೂ ನೋಡ್ತೀನಿ. ಆ ಕಂಪನಿಯವರಿಂದ ತಪ್ಪು ನಮ್ಮದು ಇವರದಲ್ಲ ಅಂತ ಒಂದೇ ಒಂದು ಸಾಲು ತರಿಸು, ಪಟ್ಟಿಯಿಂದ ಹೆಸರು ತೆಗೆಸು, ಮೇಜು ಅವಳದ್ದೇ. ಇಲ್ಲಾಂದ್ರೆ ಫೋನು. ಅವಳು ಒಳಗೆ ಬಂದು ನಿನ್ನ ಜೊತೆ ಅಚ್ಚು ಉಜ್ಜಲಿ' ಎಂದು ಅಕ್ಕನ ಎದುರಿಗೇ, ತುಟಿ ಚೆನ್ನಾಗಿ ಕಾಣುವ ಹಾಗೆ ಹೇಳಿದರು. ಕಿವಿ ಕೇಳಿಸದವರಿಗಾಗಿ ಇರುವ ಅಂಗಡಿಯಲ್ಲಿ ಫೋನಿಟ್ಟರೆ ಅದನ್ನು ಮಾಡುವವರು ಯಾರು ಎಂದು ನಾನು ಕೇಳಿದ್ದಕ್ಕೆ, ಅವರ ಮನೆಯವರು ಮಾಡುತ್ತಾರೆ ಎಂದರು. ಅಲ್ಲಿಗೆ ನಮ್ಮ ಗಿರಾಕಿಗಳು ತಮ್ಮ ಕಿವಿಯ ವಿಷಯವನ್ನೂ ಬೇರೆಯವರ ಬಾಯಿಂದ ಕೇಳಬೇಕು, ಮತ್ತೆ ಅದೇ 'ಆಮೇಲೆ ಹೇಳ್ತೀನಿ'. ಜನ ಹತ್ತಿ ಬರುವ ಕೋಣೆಯಲ್ಲಿ ಅಕ್ಕನಿಗಿರುವ ಜಾಗ ಆ ಮೇಜೊಂದೇ ಎಂದು ನಮ್ಮ ಮೂವರಿಗೂ ಗೊತ್ತಿತ್ತು.

ಆ ಒಂದು ಸಾಲನ್ನು ಬೇಡಲು ನಾನು ಪಟ್ಟ ಪಾಡು ಕೇಳಿ. ಮೊದಲು ಫೋನು ಮಾಡಿದೆ. ತಮ್ಮ ಫೋನು ಜೋಗುಳ ಹಾಡಿತು, ಒಂದು ಒ‌ತ್ತಿ ಎರಡು ಒತ್ತಿ ಎಂದಿತು, ಒತ್ತಿದೆ. ಎಲ್ಲವನ್ನೂ ಒತ್ತಿ ಮುಗಿದ ಮೇಲೆ ಇಮೇಲ್ ಮಾಡಿ ಎಂದು ಹೇಳಿ ಇಟ್ಟುಬಿಟ್ಟಿತು. ನಮ್ಮಲ್ಲಿ ಎಲ್ಲ ಬಗೆಯ ಕಿವುಡಿಗೂ ಏನಾದರೊಂದು ಸಲಕರಣೆಯಿದೆ ಮಾನ್ಯರೇ, ಜಾಣಕಿವುಡಿಗೆ ಮಾತ್ರ ಇನ್ನೂ ಬಂದಿಲ್ಲ. ಆಮೇಲೆ ಖುದ್ದಾಗಿ ತಮ್ಮ ಗಾಜಿನ ಕಟ್ಟಡಕ್ಕೆ ಬಂದೆ. ಒಳಗಿನ ಮೇಜಿನಲ್ಲಿದ್ದ ಹೆಣ್ಣುಮಗಳು ಅಪಾಯಿಂಟ್‌ಮೆಂಟ್ ಇದೆಯೇ ಎಂದು ಕೇಳಿದರು. ಅದನ್ನು ಕೇಳಲೆಂದೇ ಮೇಲ್ ಹಾಕಿದ್ದೆ, ಹೋಗಲಿಲ್ಲ ಎಂದೆ. 'ಹಾಗಾದ್ರೆ ಮೇಲ್ ಹೋಗ್ತಿಲ್ಲ ಅಂತ ಒಂದು ಮೇಲ್ ಹಾಕ್ಬಿಡಿ ಸಾರ್, ಬೇಗ ನೋಡ್ತಾರೆ' ಎಂದು ನಗುಮುಖದಿಂದ ಹೇಳಿದರು. ಯಂತ್ರಕ್ಕೆ ಮನಸ್ಸು ಭಾರ ಮಾಡಿಕೊಳ್ಳಲು ಕಲಿಸಿ, ಮನುಷ್ಯರಿಗೆ ಯಂತ್ರದಂತೆ ಮಾತಾಡಲು ಕಲಿಸಿದ ತಮ್ಮ ತರಬೇತಿಗೆ ಶರಣು.

ಆ ಕಟ್ಟಡದಲ್ಲಿ ನಾನು ಮೆಚ್ಚಿದ ಒಂದು ವಸ್ತುವಿದೆ, ಅದು ಒಳಬಾಗಿಲಿನ ಗಾಜಿನ ಗೇಟು. ಕಾರ್ಡು ತೋರಿಸಿದವರಿಗೆ ತೆರೆಯಿತು. ನಾನು ಹತ್ತಿರ ಹೋದಾಗ ಕೆಂಪು ದೀಪ ಹತ್ತಿಸಿ, ನನ್ನ ಮುಖಕ್ಕೇ ಕೀ ಎಂದು ಕೂಗಿ, ಅಲ್ಲೇ ನಿಲ್ಲಿಸಿತು. ಎಂಥ ಸಜ್ಜನಿಕೆ ನೋಡಿ! ಅದು ನನ್ನನ್ನು ಬನ್ನಿ ಬನ್ನಿ ಎಂದು ಒಳಗೆ ಬಿಟ್ಟುಕೊಂಡು, ಎಲ್ಲ ಮಹಡಿ ಸುತ್ತಿಸಿ, ಇವರು ನಮ್ಮವರಲ್ಲವೆಂದು ಕಂಡುಕೊಂಡು, ನನ್ನ ಜೇಬಿನಲ್ಲಿ ಸಿಕ್ಕ ಯಾವುದೋ ಚೀಟಿಯ ವಿಳಾಸ ನೋಡಿ, ಯಾರದೋ ಮನೆಯ ಬಾಗಿಲಲ್ಲಿ ನನ್ನನ್ನು ಇಳಿಸಿ, ಕೈಯಲ್ಲಿ ಬೋಳುತಲೆಯ ಚಿತ್ರ ಕೊಟ್ಟು ಬರಲಿಲ್ಲ. ತಾವು ದಿನಾ ಬೆಳಿಗ್ಗೆ ಅದೇ ಗೇಟಿನಿಂದ ಹಾದು ಹೋಗುತ್ತೀರಿ. ಹಾದು ಹೋಗಿ ಮೇಲೆ ಕೂತು ಏನು ಯೋಚಿಸುತ್ತೀರೋ ನನಗೆ ತಿಳಿಯದು.

ಕೊನೆಗೆ ನನ್ನ ಹೆಂಡತಿಯ ತಂಗಿಯ ಮೊರೆಹೊಕ್ಕೆವು. ಸರ್ವರ್ ನೋಡಿಕೊಳ್ಳುವುದೇ ಅವಳ ಉದ್ಯೋಗ. ತಮ್ಮ ಪತ್ರಗಳನ್ನು ನೋಡಿ ಹೊಟ್ಟೆ ಹಿಡಿದು ನಕ್ಕು, 'ವಾಪಸು ಅಂತ ಬಂದಿದ್ದನ್ನೆಲ್ಲ ಕಣ್ಣುಮುಚ್ಚಿ ಬಿಸಾಕೋ ಹಾಗೆ ಮಾಡ್ಬಿಡ್ತೀನಿ ಭಾವ, ಪೀಡೆ ತೊಲಗತ್ತೆ' ಎಂದಳು. ನಾನು ಹೂಂ ಎಂದೆ. ಅಕ್ಕ ಬೇಡ ಎಂದಳು. ನಿಜವಾಗಿ ನಾನು ಬರೆದದ್ದು ಯಾರಿಗಾದರೂ ಮುಟ್ಟದೆ ವಾಪಸು ಬಂದರೆ ಅದೂ ಹೋಗಿಬಿಡುತ್ತದಲ್ಲ ಎಂದು ಕೇಳಿದಳು. 'ಎದುರಿಗಿದ್ದೋರಿಗೆ ನನ್ನ ಮಾತು ಮುಟ್ಟಿತೋ ಇಲ್ವೋ ಅಂತ ಮುಖ ನೋಡಿ ತಿಳ್ಕೋತೀನಿ. ಇಲ್ಲಿ ಮುಖ ಇಲ್ವಲ್ಲ. ಮುಟ್ಟಲಿಲ್ಲ ಅಂತ ಹೇಳೋರು ಒಬ್ಬರು ಬೇಕು ನಂಗೆ' ಎಂದಳು. ಮಾನ್ಯರೇ, ವಾಪಸು ಪತ್ರ ಎಂಬುದನ್ನು ಲೋಕದಲ್ಲಿ ಯಾಕೆ ಇಟ್ಟಿದ್ದಾರೆಂದು ನನಗೆ ಅರ್ಥವಾದದ್ದು ಆಗ. ತಾವು ಕಸದ ಬುಟ್ಟಿ ಮಾಡಿಕೊಂಡಿರುವ ಆ ವಸ್ತು ಅಕ್ಕನಿಗೆ ಎದುರಿಗಿರುವವರ ಮುಖ.

ನಾದಿನಿ ಬೇರೆ ಉಪಾಯ ಮಾಡಿದಳು. ಲಾಂಡ್ರಿಯವರು ಬಟ್ಟೆಯ ಅಂಚಿಗೆ ಗುರುತು ಹಾಕುತ್ತಾರಲ್ಲ, ಹಾಗೆ ಅಕ್ಕ ಕಳಿಸುವ ಪ್ರತಿ ಪತ್ರದ ಹಿಂದಿನ ವಿಳಾಸಕ್ಕೂ ಈಗ ನಮ್ಮ ಸರ್ವರ್ ಒಂದು ಗುಟ್ಟಿನ ಗುರುತು ಹಾಕುತ್ತದೆ, ಅದನ್ನು ಆಗಾಗ ಬದಲಿಸುತ್ತದೆ. ಪತ್ರ ವಾಪಸು ಬಂದಾಗ ಗುರುತಿದ್ದರೆ ನಮ್ಮದು, ಒಳಗೆ ಬಾ. ಇಲ್ಲದಿದ್ದರೆ ನಮ್ಮದಲ್ಲ, ತಂದವನ ಕೈಗೇ ಬಾಗಿಲಲ್ಲೇ ವಾಪಸು. ಎಣ್ಣೆಯವನಿಗೆ ಅಕ್ಕನ ವಿಳಾಸ ಗೊತ್ತು, ಗುರುತು ಗೊತ್ತಿಲ್ಲ. ಅಂದು ಸಂಜೆಯೇ ಪರದೆ ತಿಳಿಯಾಯಿತು. ತಮ್ಮ ಅಂಚೆ ಸಹಾಯಕಿಯ ವಿಷಾದಗಳೆಲ್ಲ ಈಗ ತಮ್ಮ ಸರ್ವರಿನಲ್ಲೇ ಗುಡ್ಡೆ ಬಿದ್ದು, ಮತ್ತೆ ಮತ್ತೆ ನಮ್ಮ ಬಾಗಿಲು ತಟ್ಟಿ, ಮತ್ತೆ ಮತ್ತೆ ತಮ್ಮ ಹತ್ತಿರವೇ ಹಿಂದಿರುಗುತ್ತಿವೆಯೆಂದು ನಾದಿನಿ ಹೇಳುತ್ತಾಳೆ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಮ್ಮ ಸ್ಥಾನಮಾನ ನೆನೆದು ನುಂಗಿಕೊಂಡೆ.

ಆದರೆ ಕಪ್ಪುಪಟ್ಟಿಯಿಂದ ಹೆಸರು ತೆಗೆಯುವುದು ನಾದಿನಿಯ ಕೈಯಲ್ಲಿಲ್ಲ. ಹೇರಿದವರೇ ಇಳಿಸಬೇಕು, ಅಂದರೆ ತಾವು. ಬಾಗಿಲು ಶುಚಿಯಾಯಿತು, ದಾರಿ ಇನ್ನೂ ಮುಚ್ಚಿಯೇ ಇದೆ. ಅದರಿಂದ ಏನಾಗುತ್ತಿದೆಯೆಂಬುದಕ್ಕೆ ಒಂದೇ ಒಂದು ಉದಾಹರಣೆ ಕೊಡುತ್ತೇನೆ, ಅದನ್ನು ತಾವು ಮನಸ್ಸಿಟ್ಟು ಓದಬೇಕು. ನಿವೃತ್ತ ಶಿಕ್ಷಕಿಯೊಬ್ಬರು ಎರಡೂ ಕಿವಿಯ ಯಂತ್ರ ಕೆಟ್ಟಿತೆಂದು ನಮ್ಮಲ್ಲಿ ಬಿಟ್ಟುಹೋದರು. ಸಿದ್ಧವಾದಾಗ ತಿಳಿಸಲು ಇಮೇಲ್ ವಿಳಾಸ ಕೊಡಿ ಎಂದು ಅಕ್ಕ ಕೇಳಿದಾಗ ಆ ತಾಯಿ ಹೆಮ್ಮೆಯಿಂದ, 'ನಂಗೆ ಮೇಲ್ ಗೀಲ್ ಬರಲ್ಲಮ್ಮ, ನನ್ನ ಮಗನ ಆಫೀಸಿಗೆ ಹಾಕು. ಅವನು ಇಡೀ ಕಂಪನಿ ಮೇಲ್ ನೋಡ್ಕೊಳ್ಳೋನು, ಅವನ ಕೈತಪ್ಪಿ ಒಂದು ಕಾಗದಾನೂ ಹೋಗಲ್ಲ' ಎಂದರು. ಯಂತ್ರಗಳು ಬೇಗನೆ ಸಿದ್ಧವಾದವು. ಅಕ್ಕ ಅಂದೇ ಬರೆದಳು, ಮತ್ತೆ ಬರೆದಳು, ಹಲವು ಸಲ ಬರೆದಳು. ಪ್ರತಿಯೊಂದೂ ನಮ್ಮ ಗುರುತಿನೊಂದಿಗೆ ನಿಷ್ಠೆಯಿಂದ ವಾಪಸು ಬಂತು: ತಮ್ಮ ಸರ್ವರ್ ಪೀಡಕರ ಪಟ್ಟಿಯಲ್ಲಿರುವುದರಿಂದ ಹಾಸಿಗೆ ಕಂಪನಿಯು ಪತ್ರವನ್ನು ಸ್ವೀಕರಿಸುವುದಿಲ್ಲ ಎಂದು. ಯಂತ್ರಗಳು ಕಪಾಟಿನಲ್ಲಿ ಕೂತವು, ಅವುಗಳ ಒಡತಿ ಮನೆಯಲ್ಲಿ ಸದ್ದಿಲ್ಲದೆ ಕೂತರು. ಹೌದು ಮಾನ್ಯರೇ, ಆ ತಾಯಿ ತಮ್ಮ ತಾಯಿ.

ಇನ್ನು ಬೇಡಿಕೆಗಳು. ತಮ್ಮ ಯೋಗ್ಯತೆಗೆ ತಕ್ಕಂತೆ ದೊಡ್ಡದಾಗಿಯೇ ಬೇಡುತ್ತೇನೆ. ಬಂದ ಪತ್ರವನ್ನು ನಿರಾಕರಿಸಬಾರದೆಂಬ ವ್ರತ ತಮಗೆ ಅಷ್ಟು ಮುಖ್ಯವಾದರೆ, ಎಣ್ಣೆಯವನು ಕಟ್ಟಿದ ಹೆಸರುಗಳಿಗೆಲ್ಲ ಒಬ್ಬೊಬ್ಬ ನೌಕರರನ್ನು ದಯವಿಟ್ಟು ನೇಮಿಸಿಕೊಳ್ಳಿ, ಪತ್ರ ತಪ್ಪದೆ ಮುಟ್ಟುತ್ತದೆ. ಬೋಳುತಲೆಯವರನ್ನೇ ಆರಿಸಿದರೆ ಜಾಹೀರಾತೂ ಸಾರ್ಥಕವಾದೀತು. ಅಂಚೆ ಸಹಾಯಕಿಗೆ ವಾರಕ್ಕೊಂದು ದಿನ ರಜೆ ಕೊಡಿ, ಅವಳ ಮನಸ್ಸಿನ ಭಾರವನ್ನು ತಮ್ಮ ಮನಸ್ಸಿಗೆ ಸ್ವಲ್ಪ ವರ್ಗಾಯಿಸಿ, ಅಲ್ಲಿ ಜಾಗ ಬಹಳ ಖಾಲಿಯಿರುವಂತಿದೆ. ವಾಪಸು ಕಳಿಸುವುದು ತಮ್ಮ ಸರ್ವರಿನ ಹುಟ್ಟುಗುಣವೇ ಆಗಿದ್ದರೆ ಬರೀ ಪತ್ರಕ್ಕೇ ಯಾಕೆ ನಿಲ್ಲಬೇಕು? ನಮ್ಮ ಬೀದಿಯಲ್ಲಿ ಓದಲು ಕೊಂಡುಹೋಗಿ ತಾರದಿದ್ದ ಪುಸ್ತಕಗಳು, ಮಳೆ ನಿಂತ ಮೇಲೆ ಮರೆತುಬಂದ ಕೊಡೆಗಳು, ಒಂದು ಗಳಿಗೆಗೆಂದು ಇಸಿದುಕೊಂಡು ಹೋದ ಏಣಿ, ಚಿಕ್ಕಪ್ಪನವರ ತಲೆಗೂದಲು, ಇವುಗಳನ್ನೂ ವಾಪಸು ತಂದುಕೊಡಲಿ, ಊರೆಲ್ಲ ತಮ್ಮನ್ನು ಹರಸುತ್ತದೆ. ಇಷ್ಟು ದಿನ ಬಂದ ಒಂದೊಂದು ವಿಷಾದಕ್ಕೂ ಒಂದೊಂದು ಹಾಸಿಗೆಯಂತೆ ಕಳಿಸಿಕೊಟ್ಟರೆ ನಮ್ಮ ಬೀದಿಯವರೆಲ್ಲ ಅದರ ಮೇಲೆ ಮಲಗಿ, ಕೆಲಸದ ಹೊತ್ತಿನಲ್ಲಿ ತಾವು ಹೇಗೆ ಇಷ್ಟು ಸುಖವಾಗಿ ಮಲಗಿರುತ್ತೀರೆಂದು ಕಲಿತುಕೊಳ್ಳುತ್ತಾರೆ.

ಇದೆಲ್ಲ ಆಗದೆಂದರೆ ಬೇಡ. ಒಂದು ಸಾಲು ಬರೆಯಿರಿ, ಸಾಕು. ಯಂತ್ರದ ಕೈಯಲ್ಲಿ ಬರೆಸಬೇಡಿ, ತಾವೇ ಬರೆಯಿರಿ. ತಪ್ಪು ನಮ್ಮದು, ಇವರದಲ್ಲ ಎಂದು. ಅದರಲ್ಲಿ ವಿಷಾದ ಬೇಡ, ಮಗುವಿನ ಚಿತ್ರ ಬೇಡ. ಆ ಸಾಲು ಅಕ್ಕನ ಹೆಸರಿಗೆ ಬರಲಿ, ಏಕೆಂದರೆ ತಮ್ಮ ಕಂಪನಿಯಿಂದ ಇದುವರೆಗೆ ಬಂದ ಅಷ್ಟೂ ಮಾತುಗಳಲ್ಲಿ ಅವಳಿಗೆಂದು ಯಾರಾದರೂ ಹೇಳಿದ ಒಂದೇ ಒಂದು ಮಾತಿಲ್ಲ. ತಿಂಗಳು ಮುಗಿಯುತ್ತ ಬಂದಿದೆ. ಚಿಕ್ಕಪ್ಪ ಫೋನು ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಾರೆ, ತಂತಿ ಸಿಕ್ಕಿಸುವುದೊಂದು ಬಾಕಿ. ಅಕ್ಕ ಅದರ ಪಕ್ಕದಲ್ಲೇ ಕೂತು ಉತ್ತರ ಬರೆಯುತ್ತಿದ್ದಾಳೆ, ಮುಟ್ಟುವುದಿಲ್ಲವೆಂದು ಗೊತ್ತಿದ್ದೂ.

ತಾವು ಎಷ್ಟೇ ಪಟ್ಟಿಗೆ ಸೇರಿಸಿದರೂ,
ತಮ್ಮ ವಿಶ್ವಾಸಿ,
ಟೈರು ಅಂಗಡಿಯ ಮೇಲಿನ ಮಹಡಿಯ ಪೀಡಕ

ತಾ.ಕ.: ತಮ್ಮ ತಾಯಿಯವರು ಕಾದು ಕಾದು ಬೇಸತ್ತು ಕಳೆದ ವಾರ ತಾವೇ ಮೆಟ್ಟಿಲು ಹತ್ತಿ ಬಂದರು. 'ಮಗನ್ನ ದಿನಾ ಕೇಳ್ತೀನಮ್ಮ, ಅವರು ಒಂದು ಉತ್ತರಾನೂ ಹಾಕಿಲ್ಲ, ಬೇಜವಾಬ್ದಾರಿ ಜನ ಅಂತಾನೆ' ಎಂದು ಅಕ್ಕನಿಗೆ ಹೇಳಿದರು. ಅಕ್ಕ ವಾಪಸು ಬಂದ ಪತ್ರಗಳನ್ನು ಪರದೆಯ ಮೇಲೆ ತೋರಿಸಿ, ಯಂತ್ರಗಳನ್ನು ಒರೆಸಿ, ಕೂದಲ ಮರೆಯಲ್ಲಿ ಯಾರಿಗೂ ಕಾಣದ ಹಾಗೆ ಕೂರಿಸಿದಳು. ಕೆಳಗೆ ಟೈರು ಬಡಿಯುವ ಸದ್ದಿಗೆ ತಾಯಿಯವರು ಬೆಚ್ಚಿ ನಕ್ಕರು. ಆಮೇಲೆ, 'ಒಂದು ವಾರ ನನ್ನ ಮಗನಿಗೆ ಹೇಳ್ಬೇಡಿ' ಎಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು. ಆ ವಾರ ನಿನ್ನೆಗೆ ಮುಗಿಯಿತಾದ್ದರಿಂದ ತಿಳಿಸುತ್ತಿದ್ದೇನೆ. ಮನೆಯಲ್ಲಿ ಅವರೆದುರು ಮೆಲ್ಲಗೇ ಮಾತಾಡಿದ್ದೇನಲ್ಲ ಎಂದು ತಾವು ಸಮಾಧಾನಪಟ್ಟುಕೊಳ್ಳಬೇಡಿ, ಅಕ್ಕನ ಕೆಲಸ ಬಹಳ ಅಚ್ಚುಕಟ್ಟು, ಪಕ್ಕದ ಕೋಣೆಯದೂ ಕೇಳಿಸುತ್ತದೆ. ನಾವು ಕೇಳುತ್ತಿರುವ ಆ ಒಂದು ಸಾಲನ್ನು ತಾವು ಇಮೇಲಿನಲ್ಲಿ ಕಳಿಸುವ ತೊಂದರೆಯನ್ನೂ ತೆಗೆದುಕೊಳ್ಳಬೇಕಾಗಿಲ್ಲ. ಬಿರಡೆ ತೋರಿಸಲು ಅವರು ನಾಳಿದ್ದು ಬರುತ್ತಾರೆ, ಅವರ ಕೈಯಲ್ಲೇ ಕೊಡಿ. ಮಗ ಕೊಡದಿದ್ದರೆ ಏನು ಮಾಡುತ್ತೀರಮ್ಮಾ ಎಂದು ನಾನು ಅಂದೇ ಕೇಳಿದ್ದಕ್ಕೆ, 'ಈ ವಾರ ಕೇಳಿಸ್ಕೊಳ್ಳೋದನ್ನೆಲ್ಲ, ಯಾರು ಹೇಳಿದ್ರೋ ಅವರಿಗೇ, ಒಂದೊಂದಾಗಿ ವಾಪಸು ಹೇಳ್ತೀನಿ' ಎಂದರು.